ಆರಾಮ ಅದೀನಿ

...ಇಲ್ಲೋ ಸಲಾಂ ಭಾಯಿ, ನಾ ಕುಂದ್ರಲ್ಲ. ನೀ ಕುಂದ್ರು, ನೆಳ್ಳಾಗ ಕುಂತು ರೊಟ್ಟಿ ಮುಗಸು. ನಾ ಹಿಂಗ ನಿಂತೇ ಮಾತಾಡ್ತೀನಿ. ಬಿಸಲು ಏನ್ ಮಾಡ್ತದ? ಶಹಾಬಾದಿನ್ಯಾಗ ಹುಟ್ಟಿ ಬಿಸಲಿಗಿ ಹೆದರಿದ್ರ ಹ್ಯಾಂಗ? ಕರೆಂಟ್ ಹೋಗ್ಯಾದ, ಮಷೀನ್ ಬಂದ್ ಅದ, ಇದೇ ಟೈಮ್ ನೋಡಿ ಬಂದೀನಿ. ಇಲ್ಲಂದ್ರ ಆ ಪಾಲಿಶ್ ಮಷೀನಿನ ಗದ್ದಲದಾಗ ಒಬ್ಬರ ಮಾತು ಒಬ್ಬರಿಗಿ ಕೇಳಲ್ಲ.

ಗುರುಲಿಂಗಯ್ಯ ಸಾಹುಕಾರ್ರಿಗಿ ಕೇಳೀನಿ. ದೇವಿಂದ್ರ ಕೆಲಸಾ ಬಿಟ್ಟು ವಾಡಿ ಕಡಿ ಹೋಗ್ಯಾನಂತಲ್ಲ, ನಿನ್ನ ಜೋಡಿ ಫರ್ಸಿ ಕಲ್ಲು ಎತ್ತಲಿಕ್ಕ ಆಳಿಲ್ಲಂತಲ್ಲ. ಮೊದಲಿನಂಗ ನಾ ಬರ್ತೀನ್ರಿ ಅಂದೆ. ಅವರು ನನ್ನ ಮ್ಯಾಲಿಂದ ಕೆಳಗ ನೋಡಿ, ನಂದೇನಿಲ್ಲಪಾ ಅಂಬರಾಯ, ಇನ್ನೊಂದು ಕಡಿ ಹಿಡಿಯಾಂವ ಸಲಾಂ, ಅವ ಒಪ್ಪಿದ್ರ ನಾಳಿಗೇ ಬಾ ಅಂದ್ರು. ಅಂದ್ರ ನಿನ್ನ ಒಂದು ಮಾತು. ಅಷ್ಟೇ.

ಯಾಕ, ಹಂಗ್ಯಾಕ ನೋಡ್ತಿ? ಕಾಲಾಗೇನದ? ಗೇಟಿನ ಬಲ್ಲಿ ಆ ಬಿಳಿ ರಾಡಿ ತುಳದು ಬಂದೀನಿ, ಅದೇ ಮೆತ್ತಿರಬೇಕು. ಫರ್ಸಿ ಅರದ ನೀರು ಇನ್ನೂ ಅಲ್ಲೇ ಬಿಡ್ತೀರೇನು ನೀವು? ಬಿಡು, ಮಾರಿ ನೋಡಿ ಮಾತಾಡು.

ಟೊಂಕಾ? ಟೊಂಕಕ್ಕೇನಾಗ್ಯಾದ. ಒಂದ್ ಮಾತಿನ್ಯಾಗ ಹೇಳ್ತೀನಿ, ಆರಾಮ ಅದೀನಿ.

ಯಾಕ ನಗ್ಲಿಕತ್ತಿ? ನಗು, ನಗು. ನಂಗೊತ್ತದ. ಇದೇ ಮಾತಿಗೇ ಅಲ್ಲೇನು ನನ್ನ ಕೇಸು ಕೆಟ್ಟದ್ದು.

ನಿಂಗ ಅರ್ಧಾ ಗೊತ್ತದ, ಪೂರಾ ಕೇಳು. ಚಿತ್ತಾಪುರ ರೋಡಿನ್ಯಾಗ ಆ ಕಾರು ಹಿಂದಿಂದ ಬಂದು ನನ್ನ ಗಾಡಿಗಿ ಬಡದು ಟೊಂಕಾ ಕೆಡಿಸಿದ್ದು ಯಾರೂ ಇಲ್ಲ ಅನ್ಲಿಲ್ಲ. ಹಾಡಹಗಲಿ ಆದದ್ದು. ಕೋರ್ಟಿಗಿ ಹೋಗೂಕಿಂತ ಮೊದಲ ನಮ್ಮ ವಕೀಲ ಎಲ್ಲಾ ಕಲಿಸಿದ್ದ. ಏನ್ ಕೇಳಿದ್ರ ಏನ್ ಹೇಳಬೇಕು, ಎಲ್ಲಿ ಸುಮ್ಮನಿರಬೇಕು, ಎಲ್ಲಾ. ಟೊಂಕಕ್ಕ ಬೆಲ್ಟ್ ಕಟಗೊಂಡು ಹೋಗಿ ಕಟಕಟಿ ಏರಿ ನಿಂತೆ. ವಿಮಾ ಕಂಪನಿ ವಕೀಲ ಎದ್ದ. ಮನಶಾ ಭಾಳ ಮೆತ್ತಗ. ನಕ್ಕೋತ ಬಲ್ಲಿ ಬಂದು, ಬೀಗರು ಕೇಳಿದಂಗ, "ಹ್ಯಾಂಗಿದ್ದೀರಿ ಅಂಬರಾಯ, ಆರಾಮ?" ಅಂದ.

"ಆರಾಮ ಅದೀನ್ರಿ ಸಾಹೇಬ್ರ" ಅಂದೆ. ಕೈ ಮುಗದು ಅಂದೆ ಮತ್ತ!

ಏನ್ ಅನ್ಬೇಕಿತ್ತು ಹೇಳು? ಯಾರರ ಹಂಗ ಕೇಳಿದ್ರ ನಮ್ಮ ಕಡಿ ಬ್ಯಾರೆ ಏನರ ಅಂತಾರೇನು? ಸಾಯಲಿಕ್ಕ ಬಿದ್ದಾಂವನೂ ಮೊದಲ ಆರಾಮ ಅದೀನಿ ಅಂತಾನ, ಆಮ್ಯಾಲ ಉಸಿರು ಬಿಡ್ತಾನ. ಆ ವಕೀಲ ಜಜ್ ಸಾಹೇಬ್ರ ಕಡಿ ಹೊಳ್ಳಿ, ಆರಾಮ ಅದಾನಂತ, ಬರಕೋರಿ ಅಂದ. ಬರಕೊಂಡ್ರು. ನಮ್ಮ ವಕೀಲ ತಲಿಗಿ ಕೈ ಹಚ್ಚಿ ಕುಂತ. ಕ್ಲೇಮು ಬಂತು, ಬಂದದ್ದು ದವಾಖಾನಿಗೂ ಸಾಲ್ಲಿಲ್ಲ.

ಆವತ್ತಿನಿಂದ ನಾ ಊರಿಗೆಲ್ಲಾ ಆರಾಮ. ಚಾದಂಗಡ್ಯಾಗ ಟೊಂಕಾ ಹಿಡಕೊಂಡು ಎದ್ರ, ಜಜ್ ಸಾಹೇಬ್ರ ಮುಂದ ಆರಾಮ ಅಂದಾಂವ, ನಮ್ಮ ಮುಂದ ನಾಟಕ ಯಾಕೋ ಅಂತಾರ. ಮನ್ಯಾಗೂ ಅಷ್ಟೇ. ನನ್ನ ಹೆಂಡತಿ ದಾನಮ್ಮ ಕೆಟ್ಟಾಕಿ ಅಲ್ಲ, ನಿಂಗೊತ್ತದ. ಮಂದಿ ಹೊಲಕ್ಕ ಕೂಲಿಗಿ ಹೋಗಿ ಬಂದು ಒಲಿ ಹಚ್ಚಾಕಿ. ಒಂದಿನ ನಾ ಗ್ವಾಡಿ ಕಡಿ ಮಾರಿ ಮಾಡಿ ನರಳಿದ್ದಕ್ಕ, "ಕೇಸು ಮುಗೀತಲ್ಲ, ಇನ್ನ ಯಾರಿಗಿ ಕೇಳಸ್ಲಿಕ್ಕ ನರಳ್ತಿ?" ಅಂದ್ಳು. ಸಿಟ್ಟಿಲೇ ಅಂದಿದ್ರ ನಾನೂ ಜಗಳ ತೆಗೀತಿದ್ದೆ. ದಣದು ಅಂದ್ಳು ಸಲಾಂ. ಅದು ಭಾಳ ಹತ್ತಿತು ನಂಗ. ಆವತ್ತಿಂದ ನರಳೂದು ಬಿಟ್ಟೀನಿ.

ಅಂದ್ರ... ಬ್ಯಾನಿ ಹೋಗ್ಯಾದ, ಅದಕ್ಕ ನರಳಲ್ಲ. ಹಂಗಂದೆ ನಾ.

ಮತ್ತ ಕಾಲೇ ನೋಡ್ಲಿಕತ್ತಿ! ನಿಂಗೇನಾಗ್ಯಾದೋ ಮಾರಾಯಾ? ರೊಟ್ಟಿ ಕೈಯಾಗೇ ಒಣಗ್ಲಿಕತ್ತದ.

ನೆಪ್ಪದೇನು ನಿಂಗ, ಲಾರಿಗಿ ಮಾಲ ತುಂಬಾಗ ನಿನ್ನ ಕೈ ಜಾರಿತ್ತು? ಆ ದೊಡ್ಡ ಫರ್ಸಿ ಮೂಲಿ ಸೀದಾ ನಿನ್ನ ಪಾದದ ಮ್ಯಾಲ ಇಳೀತಿತ್ತು. ನಾ ನನ್ನ ಕಡಿ ಎದಿಗಿ ಒತ್ತಿ ಪೂರಾ ವಜ್ಜಾ ನನ್ನ ಕಡೀಗೇ ಎಳಕೊಂಡೆ. ಎದಿ ಮ್ಯಾಲಿನ ಚರ್ಮಾನೇ ಹೋತು. ನೀ ಆವತ್ತು ಎಲ್ಲಾರ ಮುಂದ ಅಂದಿದ್ದಿ, ನನ್ನ ಕಾಲು ಅಂಬರಾಯನ ಕೈಯಾಗ ಅದ ಅಂತ. ನಾ ಮರತಿಲ್ಲ.

ನಮ್ಮ ರೀತೀನೂ ಮರತಿಲ್ಲ. ಬಗ್ಗೂದು, ಅಂಚು ಹಿಡಿಯೂದು, ಒಬ್ಬಾಂವ "ಹಾಂ?" ಅಂತ ಕೇಳೂದು. ಇನ್ನೊಬ್ಬಾಂವ "ಹಾಂ" ಅನ್ನೂತನ ಎತ್ತೂದಿಲ್ಲ. ಸಾಹುಕಾರ್ರು ಬಂದು ಒದರಿದ್ರೂ ಎತ್ತೂದಿಲ್ಲ. ತನ್ನ ಟೊಂಕ, ತನ್ನ ಕಾಲು, ತನ್ನ ಕೈ, ಎಲ್ಲಾ ವಿಚಾರ ಮಾಡೇ ಹಾಂ ಅನ್ಬೇಕು. ಅದರಾಗ ಸುಳ್ಳು ನಡಿಯಲ್ಲ.

ಏಳು. ಮಾತ್ಯಾಕ, ಈಗೇ ತೋರಸ್ತೀನಿ. ಇದೇ, ಗ್ವಾಡಿಗಿ ಆನಿಸಿಟ್ಟ ಫರ್ಸಿ ಎತ್ತೂಣು. ನೀ ಆ ಕಡಿ ಹೋಗು. ಹಾಂ, ಅಲ್ಲೇ. ನೋಡು, ನಾ ಬಗ್ಗೀನಿ. ಬಗ್ಗೀನಿಲ್ಲೋ? ಅಂಚು ಹಿಡದೀನಿ... ತಡಿ, ಜರಾ ತಡಿ... ಏನಿಲ್ಲ, ಬೆವರು ಕಣ್ಣಾಗ ಇಳದದ, ಅದಕ್ಕ ಕಣ್ಣು ಮುಚ್ಚೀನಿ.

ಹಾಂ?

...

ಹಾಂ?

ಸಲಾಂ, ಹಾಂ ಅನ್ನು. ನಾ ಬಗ್ಗೇ ನಿಂತೀನಿ. ಭಾಳ ಹೊತ್ತು ಹಿಂಗ... ಅನ್ನೋ ಭಾಯಿ. ಒಂದು ಸಲ ಅನ್ನು.

ಎಲ್ಲಿಗಿ ಹೊಂಟಿ? ಫರ್ಸಿ ಬಿಟ್ಟು ಗೇಟಿನ ಕಡಿ ಯಾಕ ಹೊಂಟಿ? ಸಾಹುಕಾರ್ರಿಗಿ ಹೇಳಲಿಕ್ಕೇನು? ತಡಿಯೋ, ನಾ ಎದ್ದು ನಿಂದ್ರೂತನ ತಡಿ... ಯಪ್ಪಾ... ಆ ರಾಡ್ಯಾಗ ಕೈ ಹಾಕಿ ಏನ್ ಹುಡಕ್ಲಿಕತ್ತಿ?

ಅದು ಯಾರ ಚಪ್ಪಲ್? ನಂದಿದ್ದಂಗೇ ಕಾಣ್ತದ. ದಾನಮ್ಮ ಉಂಗುಟಕ್ಕ ತಂತಿ ಕಟ್ಟಿಕೊಟ್ಟಾಳಲ್ಲ, ಹಂಗೇ...

ನಂದಾ?

ಅಂದ್ರ ನಾ ಗೇಟಿನಿಂದ ಇಲ್ಲೀತನ ಒಂದು ಕಾಲು ಬರಿಗಾಲೇ ಬಂದೀನಿ? ಈ ಕಾದ ಫರ್ಸಿ ಮ್ಯಾಲ, ಇಷ್ಟೊತ್ತು... ನೀ ಆವಾಗಿಂದ ಅದನ್ನೇ ನೋಡ್ಲಿಕತ್ತಿದ್ದೇನು?

ಅಂಗಾಲು ಸುಟ್ಟದೇನು? ನೀನೇ ನೋಡಿ ಹೇಳು. ನಂಗ ಮತ್ತೊಮ್ಮಿ ಬಗ್ಗಲಿಕ್ಕ ಆಗಲ್ಲ. ಹೂಂ. ಆಗಲ್ಲ.

ಟೊಂಕದಿಂದ ಕಾಲಿಗಿ ಬರೂ ನರ ಒತ್ತ್ಯಾದಂತ. ಡಾಕ್ಟರ್ ಹೇಳ್ಯಾರ. ದಾನಮ್ಮಗ ಹೇಳಿಲ್ಲ ನಾ. ಬ್ಯಾನಿ ಅಂದ್ರೇ ನಂಬಲಾರದ ಮಂದಿ, ಕಾಲಾಗ ಬ್ಯಾನೀನೇ ಗೊತ್ತಾಗಲ್ಲ ಅಂದ್ರ ಏನಂತಾರ? ಆರಾಮಲ್ಲೇನು ಮತ್ತ, ಅಂತಾರ.

ಫರ್ಸಿ ನಿನ್ನ ಪಾದದ ಮ್ಯಾಲ ಹಾಕ್ತಿದ್ದೆ ಸಲಾಂ. ಗೊತ್ತಿದ್ದೂ ಎತ್ತಲಿಕ್ಕ ಬಂದೆ. ಏನರ ಅನ್ನೋ, ಬೈಯರ ಬೈ.

ಏ, ಬ್ಯಾಡ. ನೀ ನನ್ನ ಕಾಲಿಗಿ ಬಗ್ಗಬ್ಯಾಡ. ಯಾರರ ನೋಡ್ತಾರ. ನಾನೇ ಹಾಕ್ಕೋತೀನಿ, ಬಿಡು ಅಂದ್ರ... ಆತು, ಹಾಕು. ನಾ ಈ ಫರ್ಸಿ ಹಿಡಕೊಂಡು ನಿಂತಿರ್ತೀನಿ. ಹಾಕು.

ಯಾಕ ಎದ್ದಿ? ಹಾಕಲ್ಲೇನು?

...ಹಾಕಿದಿ?