ಒಳ್ಳೆಯ ರಾಕ್ಷಸನಿಗೆ ಕೋರೆಹಲ್ಲು ಬೇಡವಂತೆ

ದಂತವೈದ್ಯರ ಹೊರಕೋಣೆಯಲ್ಲಿ ನನ್ನ ಪಕ್ಕ ಅಂಚೆ ಕಚೇರಿಯ ಗುಮಾಸ್ತರೊಬ್ಬರು ಹೆಂಡತಿಯೊಂದಿಗೆ ಕುಳಿತಿದ್ದರು. ಗುಮಾಸ್ತರ ಎರಡು ಕೋರೆಹಲ್ಲುಗಳು ತುಟಿ ದಾಟಿ ಹೊರಗೆ ಬಂದಿದ್ದವು. ಎದುರಿಗಿದ್ದ ಮಗು ಹೆದರದಿರಲೆಂದು ಅವರು ಬಾಯಿಗೆ ಕರವಸ್ತ್ರ ಹಿಡಿದೇ ಮಾತಾಡುತ್ತಿದ್ದರು.

“ಕಲ್ಲಿನ ಹಾಗಿರೋ ಹಲ್ಲನ್ನ ಯಾಕೆ ಕೀಳಿಸ್ಕೋತೀರಿ?” ಎಂದರು ಹೆಂಡತಿ.

“ಇನ್ನು ಇವು ಯಾತಕ್ಕೆ? ರಾಕ್ಷಸನ ಪಾತ್ರವೇ ಹೋಯ್ತಲ್ಲ.”

“ಇಷ್ಟು ವರ್ಷ ಕಚೇರಿ ನಾಟಕಕ್ಕೆ ನೀವೇ ರಾಕ್ಷಸ. ಈಗ ಅವರಿಗೇನು ಧಾಡಿ ಬಂತು?”

“ಈ ಸಲದ ರಾಕ್ಷಸ ಒಳ್ಳೆಯವನಂತೆ. ರೂಪ ನೋಡಿ ಊರವರೇ ಅಟ್ಟಿ ಅಟ್ಟಿ ಅವನನ್ನ ರಾಕ್ಷಸ ಮಾಡಿದ್ರಂತೆ. ಕೊನೇಲಿ ಜನ ಅವನಿಗಾಗಿ ಅಳಬೇಕಂತೆ.”

“ಅಳಲಿ. ಅದಕ್ಕೆ?”

“ನನ್ನ ಮುಖ ನೋಡಿದ್ರೆ ಯಾರಿಗೂ ಅಳು ಬರಲ್ಲ ಅಂದ್ರು ನಿರ್ದೇಶಕರು. ಲೆಕ್ಕಪತ್ರ ವಿಭಾಗದ ಆ ಸುಂದರಾಂಗನಿಗೆ ಕೊಟ್ರು.”

“ನಿಮಗೇನು ಕೊಟ್ರು?”

“ಊರವರ ಗುಂಪಲ್ಲಿ ನಿಂತು ಕಲ್ಲು ಹೊಡೀಬೇಕು.”

“ಯಾರಿಗೆ?”

“ಸುಂದರಾಂಗನಿಗೆ. ಕುರೂಪಿ ಅಂತ ಬೈದು.”

ಆಕೆಗೆ ನಗು ತಡೆಯಲಾಗಲಿಲ್ಲ. ಗುಮಾಸ್ತರು ಮುಖ ತಿರುಗಿಸಿದರು. ಆಕೆ ಮೆಲ್ಲಗೆ ಅವರ ಮೊಣಕೈ ಮೇಲೆ ಕೈಯಿಟ್ಟರು.

“ಮದುವೆಗೆ ಮುಂಚೆ ನಾನು ನಿಮ್ಮನ್ನ ಮೊದಲು ನೋಡಿದ್ದೇ ರಾಕ್ಷಸನ ವೇಷದಲ್ಲಿ. ಅವತ್ತು ನೀವು ಸತ್ತಾಗ ಬಿಕ್ಕಿ ಬಿಕ್ಕಿ ಅತ್ತಿದ್ದೆ.”

“ಇಷ್ಟು ದಿನ ಹೇಳಲೇ ಇಲ್ಲ?”

“ಹೇಳಿದ್ರೆ ತಲೆ ಮೇಲೆ ಕೂತ್ಕೋತಿದ್ರಿ.”

“ಇದನ್ನ ನಿರ್ದೇಶಕರಿಗೆ ಯಾರು ಹೇಳೋದು?”

“ನಾನೇ ಹೇಳ್ತೀನಿ, ಏಳಿ. ಕೇಳದಿದ್ರೆ ಹೆದರಿಸ್ತೀನಿ.”

“ಹೆದರಿಸೋಕೆ ನಿನಗೆಲ್ಲಿದೆ ಕೋರೆಹಲ್ಲು?”

“ನಿಮಗಿದೆಯಲ್ಲ. ಸುಮ್ಮನೆ ನನ್ನ ಪಕ್ಕ ನಿಂತು ನಗ್ತಾ ಇರಿ, ಸಾಕು.”

ದಾದಿ ಬಾಗಿಲಿಗೆ ಬಂದು ಅವರ ಸರದಿ ಕೂಗುವಷ್ಟರಲ್ಲಿ ಇಬ್ಬರೂ ಮೆಟ್ಟಿಲಿಳಿಯುತ್ತಿದ್ದರು.