ಬಾರ್ದೋಶ್ ಎಲೆಮೇರ್ ಮರೆತ ಮಾತು

ಇದು ನನ್ನ ಚಿಕ್ಕಮ್ಮನ ಮಗಳು ತೆರ್ಕಾಗೆ ಆದದ್ದು. ಐವತ್ತೊಂದನೇ ಇಸವಿಯ ಜನವರಿ, ತಿಸಾ ನದಿಯ ದಂಡೆಯ ನಮ್ಮೂರಲ್ಲೇ.

ನಾಟಕ ಮುಗಿಸಿ ಒಬ್ಬಳೇ ಮನೆಗೆ ಬರುತ್ತಿದ್ದಳು. ಊರಾಚೆಯ ಏತದ ಬಾವಿ ದಾಟಲೇಬೇಕು. ಗಾಳಿಯ ಸುಳಿವಿಲ್ಲ. ಆದರೂ ಏತದ ಮರ ಅಲುಗಿತು... ಕಿರ್ರ್... ಕಿರ್ರ್... ಬಕೆಟ್ಟು ಬಾವಿಯ ಕಲ್ಲಿಗೆ ತಾಗಿ 'ಠಣ್' ಅಂತು.

ತೆರ್ಕಾ ನಿಂತುಬಿಟ್ಟಳು. ಒಂಬತ್ತು ದಿನದ ಹಿಂದೆ ಅವಳ ಕಂಪನಿಯ ನಟ ಬಾರ್ದೋಶ್ ಎಲೆಮೇರ್ ಹಿಮದಲ್ಲಿ ಸೆಟೆದು ಹೆಣವಾಗಿ ಸಿಕ್ಕಿದ್ದು ಆ ಬಾವಿಕಟ್ಟೆಯ ಮೇಲೇ.

ಎಲೆಮೇರ್ ಸೆಗೆದ್ ಊರಿನ ರೊಟ್ಟಿ ಸುಡುವವನ ಮಗ. ಹದಿನಾರಕ್ಕೇ ಮನೆಬಿಟ್ಟು ನಾಟಕದ ಕಂಪನಿ ಸೇರಿದ. ಮೂವತ್ತಕ್ಕೆ ಬುಡಾಪೆಸ್ಟಿನಲ್ಲಿ ರಾಜನ ಪಾರ್ಟು. ಆಮೇಲೆ ಮಾತಿನ ಸಿನಿಮಾ ಬಂತು, ಹನ್ನೊಂದು ಚಿತ್ರ ಮಾಡಿದ. ಅವನನ್ನು ನೋಡಿ ನಮ್ಮಪ್ಪನೂ ಮೀಸೆ ಬಿಟ್ಟಿದ್ದ. ಯುದ್ಧದಲ್ಲಿ ಸರ್ಕಾರಕ್ಕಾಗಿ ಒಂದು ಸಿಪಾಯಿ ಚಿತ್ರ ಮಾಡಿದ್ದು ಕುತ್ತಿಗೆಗೆ ಬಂತು. ಯುದ್ಧ ಮುಗಿದ ಮೇಲೆ ಅಧಿಕಾರಕ್ಕೆ ಬಂದ ಹೊಸಬರು ಐದು ವರ್ಷ ರಂಗ ಹತ್ತಲು ಬಿಡಲಿಲ್ಲ. ರೈಲು ನಿಲ್ದಾಣದಲ್ಲಿ ಕಲ್ಲಿದ್ದಲು ಹೊತ್ತ. ಕೊನೆಗೆ ನಮ್ಮೂರಿನ ನಾಟಕ ಕಂಪನಿಗೆ ತಳ್ಳಿದರು. ಆಳಿನ ಪಾರ್ಟು. ಇದ್ದದ್ದು ಒಂದೇ ಮಾತು: "ಅಮ್ಮಾವ್ರು ಊರಲ್ಲಿಲ್ಲ ಸ್ವಾಮಿ."

ಅದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ರಂಗದ ಮುಂದಿನ ಗುಂಡಿಯಲ್ಲಿ ಪುಸ್ತಕ ಹಿಡಿದು ಕೂತು, ನಟರಿಗೆ ಮಾತು ಎತ್ತಿಕೊಡುವ ಕೆಲಸ ತೆರ್ಕಾಳದು. ದಿನವೂ ಪಿಸುಗುಟ್ಟುತ್ತಿದ್ದಳು. ಅವನು ಒಳಗೆ ಬಂದು ಅವಳ ಕೈಗೆ ಮುತ್ತಿಟ್ಟು, "ನೀನಿಲ್ದಿದ್ರೆ ನಾನು ಬರೀ ಮೀಸೆ ಕಣಮ್ಮ," ಅನ್ನುತ್ತಿದ್ದ.

ಹೊಸ ನಿರ್ದೇಶಕನಿಗೆ ಅವನನ್ನು ತೆಗೆಯಲು ನೆಪ ಬೇಕಿತ್ತು. ಇವತ್ತು ಬಾಯಿ ತೆರೆದರೆ ನಾಳೆಯಿಂದ ನಿನಗೂ ಕೆಲಸವಿಲ್ಲ ಎಂದು ತೆರ್ಕಾಗೆ ಹೇಳಿದ. ಆ ರಾತ್ರಿ ಎಲೆಮೇರ್ ಗುಂಡಿಯತ್ತ ನೋಡಿದ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಜನ ಮೊದಲು ಕೆಮ್ಮಿದರು... ಆಮೇಲೆ ನಕ್ಕರು. ಅವನು ಆಳಿನ ವೇಷದಲ್ಲೇ, ಕೋಟೂ ಇಲ್ಲದೆ, ಹೊರಗೆ ನಡೆದುಹೋದ.

ಈಗ ಬಾವಿಯ ಹತ್ತಿರ ಕಿರುಗುಟ್ಟುವುದು ನಿಂತಿತು. ಎಡಗಿವಿಯ ಬಳಿ ಯಾರೋ ಉಸಿರೆಳೆದರು.

"ತೆರ್ಕಾ... ಮುಂದಿನ ಮಾತು?"

ಓಡಬೇಕೆನಿಸಿತು.

"ಅಮ್ಮಾವ್ರು ಊರಲ್ಲಿಲ್ಲ ಸ್ವಾಮಿ," ಅಂದಳು.

"ಮೆಲ್ಲಗೆ... ಜನಕ್ಕೆ ಕೇಳ್ಸುತ್ತೆ."

ಇನ್ನೊಮ್ಮೆ ಹೇಳಿದಳು, ತುಟಿಯಷ್ಟೇ ಅಲುಗಿಸಿ. ಆಗ ಬಯಲು ತುಂಬುವ ಹಾಗೆ, ರಾಜನ ಪಾರ್ಟಿನ ಆ ಹಳೇ ಗಂಟಲಲ್ಲಿ, ಒಂದಕ್ಷರ ತಪ್ಪದೆ ಆ ಮಾತು ಕೇಳಿಬಂತು. ಊರಲ್ಲಿ ಒಂದು ನಾಯಿಯೂ ಬೊಗಳಲಿಲ್ಲ.

ಅವಳು ಮನೆಗೆ ಬಂದು ಬಾಗಿಲಲ್ಲೇ ಕುಸಿದಳು. ನಾನಾಗ ಅವರ ಮನೆಯಲ್ಲೇ ಇದ್ದೆ. ಅವಳ ತಲೆವಸ್ತ್ರ ಬಿಚ್ಚಿ ಒಲೆಯ ಪಕ್ಕ ಒಣಹಾಕಿದವಳು ನಾನೇ. ಉಳಿದದ್ದೆಲ್ಲ ಒಣಗಿತು. ಎಡಗಿವಿಯ ಕಡೆ, ಅಂಗೈಯಗಲ ಮಾತ್ರ ಬೆಳ್ಳಗೆ ಹಿಮಗಟ್ಟಿತ್ತು. ಕೆಂಪಗೆ ಕಾದ ಒಲೆಯ ಪಕ್ಕ, ಮರುದಿನ ಮಧ್ಯಾಹ್ನದವರೆಗೂ ಅದು ಕರಗಲಿಲ್ಲ. ಸುಳ್ಳಲ್ಲ, ಬೆರಳಿಟ್ಟು ನೋಡಿದ್ದೇನೆ.