ಕಾರಿನ ಕೀಲಿ

ಅಮೆರಿಕದ ಅಯೋವಾದ ಕಣ್ಣಾಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ವಿಲ್ಮಾ ಪಕ್ಕದ ಬೆಂಚಿಗೆ ಕಿವಿಗೊಟ್ಟಳು. ಆಗಷ್ಟೇ ಡಾಕ್ಟರ ಕೋಣೆಯಿಂದ ಬಂದು ಕೂತ ಮುದುಕ ಊರಿನ ಬೇಸ್‌ಬಾಲ್ ತಂಡದ ಹಳೆಯ ಮ್ಯಾನೇಜರ್. ಜೊತೆಗಿದ್ದ ನರೆಗೂದಲಿನ ಎಲ್ಡನ್ ಆ ತಂಡದಲ್ಲಿ ಚೆಂಡು ಎಸೆಯುತ್ತಿದ್ದವನು.

"ಬಾಸ್, ರಾತ್ರಿ ಊಟಕ್ಕೇನು?"

"ಹುರಿದ ಮೀನು. ಯಾಕೋ?"

"ಸುಮ್ನೆ. ಬೆಕ್ಕು ಹೇಗಿದೆ?"

"ಲೋ, ಆಟದ ಮಧ್ಯೆ ನಿನ್ನ ಕೈಯಿಂದ ಚೆಂಡು ಇಸ್ಕೊಂಡು ಹೊರಗೆ ಕಳಿಸೋಕೆ ಬಂದಾಗ ನಾನೂ ಹೀಗೇ ಊಟದ ಮಾತು ತೆಗೀತಿದ್ದೆ."

"ಅದೂ ಆಮೆ ಥರ ನಡ್ಕೊಂಡು ಬಂದು."

"ಮತ್ತೆ? ಮುಂದೆ ಎಸೆಯೋನು ಅಷ್ಟರಲ್ಲಿ ತಯಾರಾಗ್ಬೇಕಲ್ಲ! ನೀನೋ, ತೋಳು ಬಿದ್ದುಹೋಗ್ತಿದ್ರೂ 'ಇನ್ನೊಬ್ಬ ಬ್ಯಾಟರ್‌ಗೆ ಎಸೀತೀನಿ ಬಾಸ್' ಅಂತ ಗೋಗರೀತಿದ್ದೆ."

"ಡಾಕ್ಟ್ರು ಏನಂದ್ರು?"

ಮುದುಕ ಗೋಡೆ ನೋಡಿದ.

"ಇನ್ನು ಕಾರು ಮುಟ್ಬೇಡಿ ಅಂದ್ರು. ಮನೆವರೆಗೆ ಇದೊಂದು ಸಲ ಓಡಿಸ್ತೀನಿ ಕಣೋ."

ಎಲ್ಡನ್ ಎದ್ದು ಅಂಗೈ ಚಾಚಿ ನಿಂತ. ಮುದುಕ ಸಿಡುಕಿನಿಂದ ಕೀಲಿ ಎಸೆಯಲು ಕೈ ಎತ್ತಿದ.

"ಬಾಸ್, ನಾನೊಂದ್ಸಲ ನಿಮ್ಮ ಕಡೆ ಚೆಂಡು ಎಸೆದು ಹೊರಟಾಗ ಏನಂದಿದ್ರಿ?"

"ಕೈಯಲ್ಲಿಟ್ಟು ಹೋಗೋ, ಕತ್ತೆ ಅಂದಿದ್ದೆ."

ಕೀಲಿಯನ್ನು ಎಲ್ಡನ್ನನ ಅಂಗೈಯಲ್ಲಿಟ್ಟ. ಎಲ್ಡನ್ ಅವನ ಬೆನ್ನು ತಟ್ಟಿದ.

"ಚೆನ್ನಾಗಿ ಆಡಿದ್ರಿ ಬಾಸ್."

ಇಬ್ಬರೂ ಬಾಗಿಲಿನತ್ತ ಹೊರಟರು.

"ಅಯ್ಯೋ, ಎಷ್ಟು ನಿಧಾನ ನಡೀತೀರಿ!"

"ನೀನು ತಯಾರಾಗ್ಬೇಡ್ವೇನೋ?"